ಬಾನೆಟ್ ಮೇಲಿನ ಜೇಡರ ಬಲೆ

ಫಕ್ಕೀರಪ್ಪನಿಗೆ ಸಿಟ್ಟು ಬಂದಿತ್ತು. ಹಾನಗಲ್ಲಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಈ ಮನುಷ್ಯನಿಗೆ ಸಿಟ್ಟು ಬರುವುದು ಹೊಸ ಸಂಗತಿಯೇನಲ್ಲ. ಗಿರಾಕಿ ಇದ್ದಬದ್ದ ಸೀರೆಯನ್ನೆಲ್ಲ ಬಿಚ್ಚಿಸಿ "ನಾಳಿಗೆ ಬರ್ತೇವ್ರಿ" ಎಂದರೆ ಬರುತ್ತಿತ್ತು. ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದರೆ ಬರುತ್ತಿತ್ತು, ಹೆಚ್ಚು ಬಿದ್ದರೂ ಬರುತ್ತಿತ್ತು. ಆದರೆ ಆ ಭಾನುವಾರ ಹಿರೇಬೆಂಡಿಗೇರಿಯ ಅತ್ತೆಯ ಮನೆಯ ಅಂಗಳದಲ್ಲಿ ಬಂದ ಸಿಟ್ಟು ಬೇರೆ ತಳಿಯದು. ಅವನ ಕಾರಿನ ಬಗ್ಗೆ ಒಬ್ಬ ಮಾತಾಡಿದ್ದ.

ಆ ಕಾರಿನ ಮಹಿಮೆಯನ್ನು ಮೊದಲು ಹೇಳಿಬಿಡಬೇಕು. ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬಣ್ಣ ಕಪ್ಪು. (ಫಕ್ಕೀರಪ್ಪನ ಎದುರಿಗೆ ಕಪ್ಪು ಎನ್ನಬಾರದು. ಅದು 'ನೇರಳೆ ಹಣ್ಣಿನ ಬಣ್ಣ'. ಬಟ್ಟೆ ವ್ಯಾಪಾರಿಗೆ ಬಣ್ಣದ ಭೇದ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.) ಬೆಳಿಗ್ಗೆ ಸ್ನಾನವಾದ ಕೂಡಲೇ ಮೊದಲ ಪೂಜೆ ಜಗುಲಿಯ ದೇವರಿಗೆ, ಎರಡನೆಯ ಪೂಜೆ ಅಂಗಳದ ಕಾರಿಗೆ, ಆಮೇಲೆ ಹೊಟ್ಟೆಗೆ. ಅವನ ಹೆಂಡತಿ ನೀಲಾಂಬಿಕಾ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿದ್ದು ಕಾರು ನಡೆಸುವುದನ್ನು ಶಾಸ್ತ್ರೋಕ್ತವಾಗಿ ಕಲಿತು ಲೈಸೆನ್ಸನ್ನೂ ತಂದಿದ್ದಳು. ಆದರೆ ಕೀಲಿ ಕೇಳಿದಾಗಲೆಲ್ಲ ಗಂಡನ ಬಾಯಿಂದ ಬರುತ್ತಿದ್ದುದು ಒಂದೇ ಉತ್ತರ: "ಗೀರು ಬೀಳ್ತಾವ." ಲೈಸೆನ್ಸು ಬೀರುವಿನಲ್ಲಿ ರೇಷ್ಮೆ ಸೀರೆಯ ನಡುವೆ ಮಲಗಿತ್ತು.

ಆ ಭಾನುವಾರ ಎಲ್ಲರೂ ಹಿರೇಬೆಂಡಿಗೇರಿಯಲ್ಲಿ ಸೇರಿದ್ದು ನೀಲಾಂಬಿಕಾಳ ತಮ್ಮ ಸುದೀಪನ ಮದುವೆಯ ಮಾತಿಗೆ. ಹೆಣ್ಣಿನ ಮನೆ ಸವಣೂರು, ಮದುವೆಯೂ ಅಲ್ಲಿಯೇ. ಮದುಮಗನನ್ನು ಯಾರ ಕಾರಿನಲ್ಲಿ ಕರೆದುಕೊಂಡು ಹೋಗಬೇಕು ಎಂಬುದೊಂದು ಉಳಿದಿತ್ತು. ಅತ್ತೆ ಹಾಲವ್ವನಿಗೆ ಹತ್ತಿರದಲ್ಲಿದ್ದ ಅಳಿಯಂದಿರು ಇಬ್ಬರು, ಇಬ್ಬರಿಗೂ ಒಂದೊಂದು ಕಾರು, ಮದುಮಗ ಮಾತ್ರ ಒಬ್ಬನೇ. ಹಿರಿಯನಾದ ತನ್ನ ಕಾರೇ ಮುಂದೆ ಹೋಗುವುದು ಎಂದು ಫಕ್ಕೀರಪ್ಪ ಮನಸ್ಸಿನಲ್ಲಿ ಹೂವಿನ ಹಾರವನ್ನೂ ಕಟ್ಟಿಸಿಬಿಟ್ಟಿದ್ದ. ಅಷ್ಟರಲ್ಲಿ ಶಿಗ್ಗಾವಿಯ ಮೈಲಾರಪ್ಪ, ಅಂದರೆ ನೀಲಾಂಬಿಕಾಳ ತಂಗಿಯ ಗಂಡ, ಫಕ್ಕೀರಪ್ಪನ ಷಡ್ಡಕ, ಬಿಸಿಲಿನಲ್ಲಿ ನಿಂತ ಆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಅಣ್ಣಾರ, ಬಾನೆಟ್ ಮ್ಯಾಲೆ ಜ್ಯಾಡ ಬಲಿ ಕಟ್ಟೈತಿ ನೋಡ್ರಿ."

ಫಕ್ಕೀರಪ್ಪ ನಕ್ಕು ಹೆಗಲ ಮೇಲಿನ ವಲ್ಲಿ ತೆಗೆದು ಒರೆಸಿದ. ಬಲೆ ಹೋಗಲಿಲ್ಲ. ಇನ್ನೂ ಬಿರುಸಾಗಿ ಒರೆಸಿದ. ಬಲೆ ಮತ್ತಷ್ಟು ನಿಚ್ಚಳವಾಯಿತು. ಆಗ ಬಗ್ಗಿ ನೋಡಿದ. ನೇರಳೆ ಬಣ್ಣದ ಮೇಲೆ ಕೂದಲೆಳೆಯಂಥ ನೂರಾರು ಗೀರುಗಳು ದುಂಡುದುಂಡಗೆ ಸುತ್ತಿಕೊಂಡಿದ್ದವು. ಬಿಸಿಲು ಬಿದ್ದಲ್ಲೆಲ್ಲ ಮಿಂಚುತ್ತಿದ್ದವು. ಅವುಗಳ ನಡುನಡುವೆ ನೀರಿನ ಹನಿ ಒಣಗಿ ಉಳಿದ ಬಿಳಿಯ ಕಲೆಗಳು.

ಹಾಲವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಳಿಯಂದ್ರ. ಮೊದಲ ಕರೇ ಗಾಡಿ. ಅದರ ಮ್ಯಾಲೆ ಹಿಂಗ ಕಜ್ಜಿ ಎದ್ದಂಗ ಆಗೇತಿ. ನಾಕ ಮಂದಿ ನೋಡತಾರ. ಹುಡುಗನ್ನ ಮೈಲಾರಪ್ಪನ ಬಿಳೇ ಗಾಡ್ಯಾಗ ಕುಂಡ್ರಸೂಣು."

"ಅತ್ತ್ಯಾರ, ಇದು ಕರೇದಲ್ರಿ, ನೇರಳಿ..."

"ನಮ್ಮ ಎಮ್ಮಿನೂ ನೇರಳಿನ ತಗೋರಿ. ಆದ್ರ ಅದು ಥಳಥಳ ಹೊಳೀತೈತಿ. ಲಗ್ನದೊಳಗ ನಿಮ್ಮ ಗಾಡಿ ನಮ್ಮ ಎಮ್ಮಿಯಷ್ಟರ ಹೊಳದ್ರ ಆಗ ವಿಚಾರ ಮಾಡೂಣು."

ಕೊಟ್ಟಿಗೆಯಲ್ಲಿ ಎಮ್ಮೆ ಕತ್ತು ತಿರುಗಿಸಿ ನೋಡಿತು. ಮೈಲಾರಪ್ಪ ಕೆಮ್ಮಿದ. ಆ ಕೆಮ್ಮಿನೊಳಗೆ ನಗುವಿತ್ತು ಎಂದು ಫಕ್ಕೀರಪ್ಪ ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತಾನೆ. ಅವನ ಸಿಟ್ಟು ಕಾಲಿನಿಂದ ಹೊರಟು ತಲೆಗೆ ಬಂದು, ಅಲ್ಲಿಂದ ಹೊರಗೆ ಬೀಳಲು ಒಂದು ದಾರಿ ಹುಡುಕಿತು. ಸಿಟ್ಟಿಗೆ ಸಿಗುವ ಹತ್ತಿರದ ದಾರಿ ಯಾವುದು ಎಂದು ಮದುವೆಯಾದವರಿಗೆ ಹೇಳಬೇಕಾಗಿಲ್ಲ.

"ನೀಲಾ! ಇದು ನಿನ್ನ ಕೆಲಸ! ಪಾತ್ರಿ ತಿಕ್ಕೂ ನಾರ್ಲೆ ನನ್ನ ಕಾರ್ ತಿಕ್ಕೀದಿ! ಮುಂಜಾನೆದ್ದು ಅಂಗಳಕ್ಕ ನೀರು ಹೊಡಿಯಾಕಿ ನೀನ, ಕಾರಿಗೆ ನೀರು ಸಿಡಿಸಾಕಿನೂ ನೀನ!"

ನೀಲಾಂಬಿಕಾಳ ಕೈಯಲ್ಲಿ ಚಹಾದ ತಾಟು ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟಳು. ತವರುಮನೆಯ ಅಂಗಳ, ಎದುರಿಗೆ ಹೆತ್ತ ತಾಯಿ, ಒಡಹುಟ್ಟಿದ ತಮ್ಮ, ತಂಗಿಯ ಗಂಡ. ಅವಳ ಮುಖ ಕೆಂಪಾಯಿತು.

"ನಾ ನಿಮ್ಮ ಕಾರ್ ಮುಟ್ಟೂದು ಹತ್ತೂ ಮುಂದ ಒಮ್ಮೆ, ಇಳಿಯೂ ಮುಂದ ಒಮ್ಮೆ. ಅದೂ 'ಬಾಗಲಾ ಸಾವಕಾಶ ಹಾಕು' ಅಂತ ನಿಮ್ಮ ಕಡೆ ಬೈಸ್ಕೊಂಡು. ತಿಕ್ಕಾಕ ನನಗೇನು ಹುಚ್ಚ ಹಿಡದೈತೇನ್ರಿ?"

"ಹಂಗಾರ ಯಾರು ತಿಕ್ಕ್ಯಾರ? ಕಾರ್ ತಾನ ಎದ್ದು ಕೆರಕೊಂಡೈತೇನು?"

ಅಷ್ಟಕ್ಕೆ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಫಕ್ಕೀರಪ್ಪ ಬಾನೆಟ್ಟಿನ ಮೇಲೆ ಅಂಗೈ ಊರಿ, ಎಲ್ಲರಿಗೂ ಕೇಳುವಂತೆ ಘೋಷಿಸಿದ: "ಇಲ್ಲೆ ಎಲ್ಲಾರ ಎದುರಿಗೆ ಹೇಳ್ತೇನಿ ಕೇಳ್ರಿ. ಯಾರ ಕೈಲೆ ಈ ಗೀರು ಬಿದ್ದಾವೋ, ಅವರು ಲಗ್ನದ ದಿನಾ ಈ ಕಾರ್ ಹತ್ತಬಾರದು! ಹೇಣ್ತಿರಲಿ, ಹಡದಾಕಿರಲಿ, ಯಾರರ ಇರಲಿ. ಮನೀದೇವರ ಆಣಿ!"

ಹಾಲವ್ವ ಗಲ್ಲ ಗಲ್ಲ ಬಡಿದುಕೊಂಡಳು. ಮನೆದೇವರ ಹೆಸರು ಬಂದ ಮೇಲೆ ಆ ಮನೆಯಲ್ಲಿ ಯಾರೂ ಆಣೆ ಮುರಿಯುವ ಹಾಗಿರಲಿಲ್ಲ.

ಹಿಂದಿರುಗುವಾಗ ಕಾರಿನೊಳಗೆ ಏಸಿ ಹಾಕುವ ಅಗತ್ಯವೇ ಬೀಳಲಿಲ್ಲ, ಅಷ್ಟು ತಣ್ಣಗಿತ್ತು. ಬಂಕಾಪುರ ಬಂದಾಗ ನೀಲಾಂಬಿಕಾ ಬಾಯಿ ಬಿಟ್ಟಳು.

"ಬಸ್ ಸ್ಟ್ಯಾಂಡ್ ಹತ್ರ ನಿಂದ್ರಸ್ರಿ."

"ಯಾಕ?"

"ನಾ ಇಳೀತೇನಿ. ನನ್ನ ಹೆಸರಿಗೆ ಹತ್ತಿದ ಹೊಲಸು ಹೋಗೂತನಾ ನಾ ಈ ಕಾರಿನಾಗ ಕುಂಡ್ರಂಗಿಲ್ಲ. ಆಣಿ ಹಾಕಾಕ ನಿಮಗೊಬ್ಬರಿಗೇ ಬರತೈತೇನು?"

"ಇಳಿ! ಯಾರು ಬ್ಯಾಡ ಅಂದಾರ!"

ಇಳಿದಳು. ಬಾಗಿಲನ್ನು ಮದುವೆಯಾದಂದಿನಿಂದ ಕೂಡಿಟ್ಟ ಬಲವನ್ನೆಲ್ಲ ಸೇರಿಸಿ ಹಾಕಿದಳು. ಫಕ್ಕೀರಪ್ಪ ಅಲ್ಲಿಂದ ಹಾನಗಲ್ಲಿನವರೆಗೂ ಒಬ್ಬನೇ ಕೂತು, ಎದುರಿಗೆ ಬಂದ ಟ್ರ್ಯಾಕ್ಟರುಗಳಿಗೆಲ್ಲ ಬೈಯುತ್ತ ಮನೆ ಮುಟ್ಟಿದ. ಮುಟ್ಟಿದ ಮೇಲೆ ಗೊತ್ತಾಯಿತು, ಮನೆಯ ಕೀಲಿಕೈ ಹೆಂಡತಿಯ ಪರ್ಸಿನಲ್ಲಿದೆ ಎಂದು. ಬಸ್ಸು ಬರುವವರೆಗೂ ತನ್ನ ಮನೆಯ ಕಟ್ಟೆಯ ಮೇಲೆ ಪರಸ್ಥಳದವನ ಹಾಗೆ ಕೂತಿದ್ದ.

ಕೂತವನು ಸುಮ್ಮನಿದ್ದನೇ? ಪಕ್ಕದ ಮನೆಯ ಇಜಾಜನ ಬೆಕ್ಕು ಕಾಂಪೌಂಡಿನ ಮೇಲೆ ಮೈ ನೆಕ್ಕಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಅಪರಾಧಿ ಸಿಕ್ಕಿತೆಂದು ಎದ್ದ.

"ತಹಮೀನಾಬಾಯಿ! ನಿಮ್ಮ ಬೆಕ್ಕು ನನ್ನ ಕಾರಿನ ಮ್ಯಾಲೆ ಮಲಕೊಂತೈತಿ! ಬರ್ರಿಲ್ಲೆ, ಗೀರು ನೋಡ್ರಿ!"

ಇಜಾಜನ ಹೆಂಡತಿ ತಹಮೀನಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗೀರು ನೋಡಿದಳು, ಬೆಕ್ಕನ್ನು ನೋಡಿದಳು, ಫಕ್ಕೀರಪ್ಪನನ್ನೂ ಒಮ್ಮೆ ನೋಡಿದಳು.

"ಅಣ್ಣಾರ, ಬೆಕ್ಕು ಉದ್ದಕ ಗೀರತೈತ್ರಿ. ಇವು ಎಲ್ಲಾ ದುಂಡಗ ಅದಾವ. ನಮ್ಮ ಬೆಕ್ಕಿಗೆ ಕೈವಾರ ಹಿಡಿಯಾಕ ಬರಂಗಿಲ್ರಿ."

ಬೆಕ್ಕು ಬಾಲ ಎತ್ತಿಕೊಂಡು ಒಳಗೆ ಹೋಯಿತು. ಆಮೇಲೆ ಸಂಶಯ ಬಂಕಾಪುರದ ನವಿಲುಗಳ ಮೇಲೆ ಹೋಯಿತು. (ಹಿಂದೊಮ್ಮೆ ಅಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ ಎಳನೀರು ಕುಡಿದಿದ್ದ.) ನವಿಲಿಗೂ ಕೈವಾರ ಬರುವುದಿಲ್ಲ ಎಂದು ನೆನಪಾಗಿ ಮತ್ತೆ ಹೆಂಡತಿಯ ಮೇಲೆಯೇ ಬಂದು ಕೂತಿತು. ಸಂಶಯಕ್ಕೂ ಒಂದು ಸ್ವಂತ ಮನೆ ಬೇಕಲ್ಲ.

ಆದರೆ ಎಮ್ಮೆಯ ಮಾತು ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದಿತ್ತು. ಎಮ್ಮೆಗಿಂತ ಕಡೆಯಾಯಿತೇ ತನ್ನ ಕಾರು? ಮದುಮಗ ಬಿಳಿ ಕಾರಿನಿಂದ ಇಳಿಯುವುದು, ಮೈಲಾರಪ್ಪ ಬಾಗಿಲು ತೆಗೆದು ನಿಲ್ಲುವುದು, ಫೋಟೋದವರು ಅವನ ಹಲ್ಲುಕಿರಿತ ಸೆರೆಹಿಡಿಯುವುದು, ತಾನು ಎಲ್ಲೋ ಹಿಂದೆ ಟೆಂಪೋದ ಪಕ್ಕ ಗಾಡಿ ನಿಲ್ಲಿಸುವುದು ಕಣ್ಣ ಮುಂದೆ ಬಂದು ಫಕ್ಕೀರಪ್ಪನಿಗೆ ಊಟ ಸೇರಲಿಲ್ಲ. ಮೊಬೈಲಿನಲ್ಲಿ ಹುಡುಕಿದ. ಕಾರಿನ ಗೀರು ತೆಗೆಯುವ ವಿದ್ಯೆಯನ್ನು ಹೇಳಿಕೊಡುವ ಒಬ್ಬ ಗಡ್ಡದ ಗುರು ಸಿಕ್ಕ. ಗುರು ಹೇಳಿದ ಮೊದಲ ಮಾತೇ ಫಕ್ಕೀರಪ್ಪನಿಗೆ ವೇದವಾಯಿತು: ಕಾರಿನ ಬಣ್ಣಕ್ಕೆ ಒಣ ಬಟ್ಟೆಯಂಥ ವೈರಿ ಇನ್ನೊಂದಿಲ್ಲ. ಧೂಳಿನ ಮೇಲೆ ಒಣ ಬಟ್ಟೆ ದುಂಡಗೆ ಆಡಿಸಿದರೆ ಪ್ರತಿ ಸುತ್ತಿಗೂ ಒಂದು ಗೀರು. ಬೋರಿನ ಸವಳು ನೀರು ಬಿಸಿಲಿಗೆ ಒಣಗಿದರೆ ಉಪ್ಪು ಉಳಿದು ಕಲೆ.

"ಕೇಳೀದೇನು?" ಎಂದು ಮೊಬೈಲನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಕೂಗಿದ. "ಒಣಾ ಬಟ್ಟಿಲೆ ತಿಕ್ಕಿದ್ರ ಗೀರು ಬೀಳ್ತಾವಂತ! ಕೇಳೀದೇನು?"

"ಇಡೀ ಓಣಿಗೇ ಕೇಳ್ತ್ರಿ."

ಮರುದಿನದಿಂದ ಅದೇ ಜಪ. ಅಂಗಡಿಗೆ ಬಂದ ಗಿರಾಕಿಗೆ, ಹಾಲಿನವನಿಗೆ, ಇಜಾಜನಿಗೆ, ಫೋನು ಮಾಡಿದ ಸುದೀಪನಿಗೆ, ಯಾವುದೋ ಕೆಲಸಕ್ಕೆ ಫೋನು ಮಾಡಿ ಸಿಕ್ಕಿಬಿದ್ದ ಮೈಲಾರಪ್ಪನಿಗೂ: "ಒಣಾ ಬಟ್ಟಿಲೆ ತಿಕ್ಕಬ್ಯಾಡ್ರಿ, ಗೀರು ಬೀಳ್ತಾವ."

ಹುಬ್ಬಳ್ಳಿಯಿಂದ ಸಾಮಾನು ತರಿಸಿದ. ಮೇಣದಂಥ ಒಂದು ಮಣ್ಣಿನ ಉಂಡೆ, ಗೀರು ತೇಯುವ ಬಿಳಿಯ ಪೇಸ್ಟು, ಸ್ಪಂಜಿನ ಬಿಲ್ಲೆ, ಕೋಳಿಮರಿಯ ಹಾಗೆ ಮೆತ್ತಗಿದ್ದ ಹಳದಿ ಬಟ್ಟೆಗಳು. ಮೂರು ತಲೆಮಾರಿನ ಬಟ್ಟೆ ವ್ಯಾಪಾರದ ಮನೆತನದವನು ಒರೆಸುವ ಬಟ್ಟೆಯನ್ನು ಪರವೂರಿನಿಂದ ತರಿಸಬೇಕಾಯಿತಲ್ಲ ಎಂದು ಅದಕ್ಕೂ ಸಿಟ್ಟಾದ. ಉಜ್ಜುವ ಯಂತ್ರವಿದೆ, ತರಿಸಲೇ ಎಂದು ಸುದೀಪ ಕೇಳಿದ್ದ. "ಬ್ಯಾಡ. ಯಂತ್ರ ಹಿಡ್ಯಾಕ ಬರದಿದ್ರ ಬಣ್ಣಾನ ಸುಡತೈತಂತ. ನಾ ಕೈಲೆ ತಿಕ್ಕಾಂವ" ಎಂದು ಫಕ್ಕೀರಪ್ಪ ತೋಳು ಏರಿಸಿದ. ಹತ್ತಿಯ ಗಂಟು ಎತ್ತಿದ ತೋಳು ಅದು, ಎತ್ತಿ ಬಹಳ ವರ್ಷವಾಗಿತ್ತು ಅಷ್ಟೇ.

ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಕಾರ್ಯಾರಂಭ ಮಾಡಿದ. ಚಪ್ಪರದ ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಂಡು ತೊಳೆದ. ಹನಿಗಳ ಬಿಳಿ ಕಲೆಗೆ ವಿನೆಗರನ್ನು ನೀರಿನಲ್ಲಿ ಬೆರೆಸಿ, ಅದರಲ್ಲಿ ನೆನೆಸಿದ ಬಟ್ಟೆ ಹಾಕಿ ಕಾದ. ಅಂಗಳವೆಲ್ಲ ಉಪ್ಪಿನಕಾಯಿ ಕೆಟ್ಟ ವಾಸನೆ ಹೊಡೆಯಿತು. ಆಮೇಲೆ ಮಣ್ಣಿನ ಉಂಡೆಯನ್ನು ಒದ್ದೆ ಮೈಮೇಲೆ ಜಾರಿಸಿ ಕಣ್ಣಿಗೆ ಕಾಣದ ಕೊಳೆಯನ್ನು ಎತ್ತಿದ. ಕೊನೆಗೆ ಪೇಸ್ಟು. ಒಂದು ಸಲಕ್ಕೆ ಒಂದು ಗೇಣು ಜಾಗ ಮಾತ್ರ. ಬಿಲ್ಲೆಗೆ ಅವರೆಕಾಳಿನಷ್ಟು ಪೇಸ್ಟು ಹಚ್ಚಿ, ಒತ್ತಿ, ಅದು ತೆಳುವಾಗಿ ಮಾಯವಾಗುವ ತನಕ ತೇಯಬೇಕು. ಹಳದಿ ಬಟ್ಟೆಯಿಂದ ಒರೆಸಿ, ತಲೆ ಓರೆ ಮಾಡಿ ಬೆಳಕಿಗೆ ನೋಡಬೇಕು. ಗೀರು ಇನ್ನೂ ಇರುತ್ತಿತ್ತು. ಮತ್ತೆ ತೇಯಬೇಕು. ಒಂದು ಬಾಗಿಲಾಗುವಷ್ಟರಲ್ಲಿ ಫಕ್ಕೀರಪ್ಪ ಕಾರು ಕಂಡುಹಿಡಿದವನ ಹಿರಿಯರನ್ನೂ ಬಿಡದೆ ಬೈದಿದ್ದ.

ಬಲಗೈ ಹೆಗಲಿನಿಂದ ಮೇಲೆ ಏಳದಾಯಿತು. ಊಟಕ್ಕೆ ಕೂತರೆ ತಾಟಿನಲ್ಲಿ ಖಡಕ್ ರೊಟ್ಟಿ. ಮೊದಲ ದಿನ ಹೋಗಲಿ ಎಂದುಕೊಂಡ. ಮರುದಿನವೂ ಖಡಕ್, ಅದರ ಮರುದಿನವೂ ಖಡಕ್. ಮುರಿಯಲು ಹೋದರೆ ಹೆಗಲು ಚುಳ್ ಎನ್ನುತ್ತಿತ್ತು.

"ಬಿಸಿರೊಟ್ಟಿ ಮಾಡಾಕ ಏನು ಧಾಡಿ ಆಗೇತಿ?"

"ಮೆತ್ತನ್ನ ಬಟ್ಟಿ ಕಾರಿಗೆ, ಮೆತ್ತನ್ನ ರೊಟ್ಟಿ ನಿಮಗ. ನನಗೇನೈತ್ರಿ? ತವರುಮನ್ಯಾಗ ಮಾನಾ ಕಳಕೊಂಡಾಕಿಗೆ ಇಷ್ಟ ಮಾಡಾಕ ಆಗತೈತಿ."

"ಒಪ್ಪಿಕೊಂಡು ಬಿಡು. ತಪ್ಪಾತು ಅನ್ನು. ಆಣಿ ಹಿಂದಕ್ಕ ತಗೋತೇನಿ."

"ಮಾಡದ ತಪ್ಪು ಒಪ್ಪಿಗೋಬೇಕೇನ್ರಿ? ಸಾಯೂತನಾ ಇಲ್ಲ. ಕಳ್ಳ ಸಿಗತಾನ, ನೋಡಕೋತ ಇರ್ರಿ. ಸಿಕ್ಕ ದಿನಾ ನಾ ಮಾತಾಡ್ತೇನಿ."

ಅವಳ ಕಣ್ಣಿನಲ್ಲಿ ನೀರಿತ್ತು. ಅದು ಈರುಳ್ಳಿಯದು ಎಂದು ತಿಳಿದು ಫಕ್ಕೀರಪ್ಪ ರೊಟ್ಟಿಯನ್ನು ಮೊಣಕಾಲಿನ ಮೇಲೆ ಇಟ್ಟು ಮುರಿದ.

ಈ ಎಲ್ಲ ದಿನ ಕಾರಿನ ಪೂಜೆಗೆ ರಜೆ. ಔಷಧ ಹಚ್ಚಿದ ಮೈ, ಗಾಳಿ ತಾಗಬಾರದು ಎಂದು ಅಂಗಡಿಯ ಹೊಸ ಚಾದರ ಹೊದಿಸಿ ಇಡುತ್ತಿದ್ದ. ಬೆಳಿಗ್ಗೆ ಚಾದರ ಸರಿಸಿ ನೋಡಿದರೆ ತೇಯ್ದ ಜಾಗದಲ್ಲಿ ಒಂದೇ ಒಂದು ಹೊಸ ಗೀರಿಲ್ಲ, ಒಂದು ಹನಿಯ ಕಲೆಯಿಲ್ಲ. ಇದರಿಂದ ಫಕ್ಕೀರಪ್ಪ ಒಂದು ಮಹತ್ತರ ಸಿದ್ಧಾಂತಕ್ಕೆ ಬಂದ.

"ನೋಡೀದೇನು? ಆಣಿ ಹಾಕಿದ ಮ್ಯಾಲೆ ಕಳ್ಳ ಕೈ ಕಟ್ಟಿಕೊಂಡು ಕುಂತಾನ. ಒಂದರ ಹೊಸಾ ಗೀರು ಐತೇನು?" ಎಂದು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ.

"ಕಳ್ಳಗ ಕೆಲಸ ಬಾಳ ಆಗಿರಬೇಕು" ಎಂದಳು ನೀಲಾಂಬಿಕಾ. ಅವಳಿಗೂ ಆಗ ಏನೂ ಗೊತ್ತಿರಲಿಲ್ಲ.

ಅಂತೂ ಒಂದು ದಿನ ಕಾರ್ಯ ಮುಗಿಯಿತು. ಚಾದರ ಎಳೆದು ಬಿಸಿಲಿಗೆ ತಂದರೆ, ನಿಜ ಹೇಳಬೇಕು, ಕಾರು ಕನ್ನಡಿಯಾಗಿತ್ತು. ಬಲೆ ಇಲ್ಲ, ಕಲೆ ಇಲ್ಲ. ಬಾನೆಟ್ಟಿನಲ್ಲಿ ಬೇವಿನ ಮರ ಎಲೆಎಲೆಯಾಗಿ ಕಂಡಿತು. ಫಕ್ಕೀರಪ್ಪ ಬಗ್ಗಿದರೆ ತನ್ನ ಮೀಸೆಯಲ್ಲಿ ಬಿಳಿಯ ಕೂದಲೆಷ್ಟು ಎಂಬುದೂ ತಿಳಿಯುವಂತಿತ್ತು. ತಹಮೀನಾ ಬಾಗಿಲಿನ ಹೊಳಪಿನಲ್ಲಿ ದುಪಟ್ಟಾ ಸರಿ ಮಾಡಿಕೊಂಡು "ಮಾಶಾಲ್ಲಾ" ಎಂದಳು. ಬೆಕ್ಕು ಒಳಗಿದ್ದ ಇನ್ನೊಂದು ಬೆಕ್ಕನ್ನು ನೋಡಿ ಗುರ್ ಎಂದು ಓಡಿತು. ಫಕ್ಕೀರಪ್ಪ ಹಿಗ್ಗಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಫೋಟೋ ತೆಗೆದು ಸುದೀಪನಿಗೆ ಕಳಿಸಿದ. ಹಾಲವ್ವನ ತೀರ್ಪು ಫೋನಿನಲ್ಲಿ ಬಂತು: "ಖರೇನ ಎಮ್ಮಿಗಿಂತ ಚಲೋ ಹೊಳ್ಯಾಕತ್ತೈತಿ ಬಿಡ್ರಿ ಅಳಿಯಂದ್ರ. ಹುಡುಗ ನಿಮ್ಮ ಗಾಡ್ಯಾಗ ಕುಂಡ್ರಲಿ."

ಆ ಪ್ರಶಸ್ತಿಪತ್ರವನ್ನು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಹೇಳಿದ. ಎಮ್ಮೆಯ ಭಾಗವನ್ನು ಮಾತ್ರ ಬಿಟ್ಟು ಹೇಳಿದ.

ಮದುವೆಯ ಹಿಂದಿನ ದಿನ ಫಕ್ಕೀರಪ್ಪ ಕಾರಿನಲ್ಲಿ, ನೀಲಾಂಬಿಕಾ ಬಸ್ಸಿನಲ್ಲಿ ಹಾನಗಲ್ ಬಿಟ್ಟರು. ಕಲ್ಲು ಸಿಡಿದೀತು ಎಂದು ಅವನು ಚಕ್ಕಡಿಯ ವೇಗದಲ್ಲಿ ಬಂದು ಹಿರೇಬೆಂಡಿಗೇರಿ ಮುಟ್ಟಿದಾಗ, ಅವಳು ಬಸ್ಸು ಬದಲಿಸಿ ಬಂದು, ಮುಖ ತೊಳೆದು, ಚಹಾ ಕುಡಿದು ಲೋಟ ತೊಳೆದಿಟ್ಟಾಗಿತ್ತು. ಹಾಲವ್ವ ಆರತಿ ಎತ್ತಿ, ಬಾನೆಟ್ಟಿನ ಮೇಲೆ ಮೂರು ಬೆರಳು ವಿಭೂತಿ ಎಳೆದು ಕಾರನ್ನು ಮನೆ ತುಂಬಿಸಿಕೊಂಡಳು. ಮೈಲಾರಪ್ಪ ಬಂದು ನೋಡಿದ, ಬಗ್ಗಿ ನೋಡಿದ, ಓರೆಯಾಗಿ ನೋಡಿದ. ಒಂದು ಗೀರೂ ಸಿಗಲಿಲ್ಲ. ಫಕ್ಕೀರಪ್ಪನಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಮದುವೆಮನೆಯ ಗದ್ದಲ. ಟೆಂಪೋಗಳು ಬಂದು ನಿಂತಿದ್ದವು. ಸುದೀಪ ಬಾಸಿಂಗ ಕಟ್ಟಿಕೊಂಡು ಕತ್ತು ಅಲ್ಲಾಡಿಸಲಾರದೆ ಕೂತಿದ್ದ. ಫಕ್ಕೀರಪ್ಪ ಸ್ನಾನ ಮುಗಿಸಿ, ಹೊಸ ಧೋತರ ಉಟ್ಟು, ಹೆಗಲ ಮೇಲೆ ತನ್ನ ಅಂಗಡಿಯ ಗಂಜಿ ಬಿಡದ ಹೊಸ ವಲ್ಲಿ ಹಾಕಿಕೊಂಡು, ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ವಿಭೂತಿ ಗಟ್ಟಿ ಹಿಡಿದು ಕಾರಿನ ಮುಂದೆ ನಿಂತ. ಇಷ್ಟು ದಿನ ಪೂಜೆ ತಪ್ಪಿತ್ತು, ಇವತ್ತು ತಪ್ಪಕೂಡದು. ನಾಲ್ಕು ಮಂದಿ ನೋಡುತ್ತಲೂ ಇದ್ದರು.

ದಿನವೂ ಮಾಡುತ್ತಿದ್ದ ಕ್ರಮವೇ. ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಎಂದು ತಂಬಿಗೆಯ ನೀರನ್ನು ಬೆರಳಿನಿಂದ ಕಾರಿನ ನೆತ್ತಿಗೆ, ಮೈಗೆ, ಬಾನೆಟ್ಟಿಗೆ ಚಿಮುಕಿಸಿದ. ನಿನ್ನೆಯ ವಿಭೂತಿಯ ಮೇಲೆ ಇಂದಿನದನ್ನು ಹಚ್ಚಬಾರದು ಎಂಬುದು ಅವನದೇ ನಿಯಮ. ಬಾಯಿಂದ ಫೂ ಎಂದು ಊದಿದ, ವಲ್ಲಿ ತೆಗೆದ, 'ನಮಃ ಶಿವಾಯ'ದ ಲಯಕ್ಕೆ ಸರಿಯಾಗಿ ಒಣ ವಿಭೂತಿಯನ್ನು ದುಂಡಗೆ, ದುಂಡಗೆ, ದುಂಡಗೆ ಒರೆಸಿದ.

ಆರತಿಯ ತಾಟು ಹಿಡಿದು ಬಂದ ನೀಲಾಂಬಿಕಾ ಹೊಸ್ತಿಲ ಮೇಲೆ ನಿಂತುಬಿಟ್ಟಳು. ಹಾನಗಲ್ಲಿನಲ್ಲಿ ಈ ಹೊತ್ತಿಗೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಗಂಡ ಹೊರಗೆ ಕಾರಿನ ಪೂಜೆ ಮಾಡುತ್ತಾನೆ ಎಂದು ಗೊತ್ತಿತ್ತು, ಹೇಗೆ ಮಾಡುತ್ತಾನೆ ಎಂದು ಇದೇ ಮೊದಲ ಸಲ ನೋಡಿದ್ದು. ಎದುರು ಮನೆಯ ಹಂಚಿನ ಮೇಲಿಂದ ಬಿಸಿಲು ಇಳಿದು ಬಾನೆಟ್ಟಿನ ಮೇಲೆ ಬಿತ್ತು. ಅವಳು ಬಗ್ಗಿದಳು. ತಾಟನ್ನು ಸಾವಕಾಶವಾಗಿ ಕೆಳಗಿಟ್ಟಳು.

"ಏನ್ರಿ, ಅಲ್ಲೊಂದೀಟು ವಿಭೂತಿ ಉಳದೈತಿ ನೋಡ್ರಿ."

ಇಷ್ಟು ದಿನದ ಮೇಲೆ ಹೆಂಡತಿ ತಾನಾಗಿ ಮಾತಾಡಿದಳೆಂದು ಫಕ್ಕೀರಪ್ಪ ಹಿಗ್ಗಿದ. "ಎಲ್ಲೆ? ಇಲ್ಲೇನು?" ಎಂದು ಇನ್ನೂ ನಾಲ್ಕು ಸುತ್ತು ಒರೆಸಿದ.

"ಅವ್ವಾ! ಮೈಲಾರಪ್ಪಾರ! ಎಲ್ಲಾರೂ ಲಗೂನ ಬರ್ರಿಲ್ಲೆ! ಕಳ್ಳ ಸಿಕ್ಕಾನ!"

"ಎಲ್ಲದಾನ?" ಎಂದು ಫಕ್ಕೀರಪ್ಪ ವಲ್ಲಿ ಎತ್ತಿಕೊಂಡು ಗರ್ಜಿಸಿದ. "ಯಾಂವ ಆಂವ? ಹಿಡೀರಿ! ಬಿಡಬ್ಯಾಡ್ರಿ!"

"ಕೈಯಾಗ ವಲ್ಲಿ ಹಿಡಕೊಂಡು ನಿಂತಾನ ನೋಡ್ರಿ" ಎಂದಳು ನೀಲಾಂಬಿಕಾ.

ಎಲ್ಲರೂ ವಲ್ಲಿ ನೋಡಿದರು. ಆಮೇಲೆ ಬಾನೆಟ್ ನೋಡಿದರು. ಕನ್ನಡಿಯಂಥ ನೇರಳೆಯ ನಟ್ಟನಡುವೆ, ಒಂದು ಕೈ ತಿರುಗುವಷ್ಟು ಅಗಲಕ್ಕೆ, ಹೊಸ ಜೇಡರ ಬಲೆ ಬಿಸಿಲಿಗೆ ಮಿಂಚುತ್ತಿತ್ತು. ಚಿಮುಕಿಸಿದ ಹನಿಗಳು ಅಷ್ಟರಲ್ಲೇ ಅಂಚಿನಿಂದ ಒಣಗುತ್ತ ಬೆಳ್ಳಗಾಗತೊಡಗಿದ್ದವು.

"ಇದು... ಇದು ಒರಸೂದಲ್ಲ!" ಎಂದ ಫಕ್ಕೀರಪ್ಪ. "ಇದು ಪೂಜಾ!"

"ಗೀರಿಗೇನು ಗೊತ್ತಾಗತೈತ್ರಿ, ಪೂಜಾ ಯಾವುದು, ತಿಕ್ಕೂದು ಯಾವುದು? ದಿನಾ ಮುಂಜಾನೆ ಒಣಾ ಬೂದಿ ಹಾಕಿ ಒಣಾ ವಲ್ಲಿಲೆ ತಿಕ್ಕಿದಾಂವ ನೀವು. ಬೋರಿನ ನೀರು ಸಿಡಿಸಿದಾಂವ ನೀವು. ಮತ್ತ ನನ್ನ ತವರುಮನಿ ಅಂಗಳದಾಗ ನಿಂತು, ನನ್ನ ಅವ್ವನ ಎದುರಿಗೆ, ನನಗ ಕಳ್ಳಿ ಅಂದಾಂವನೂ ನೀವ! ನನಗ ಎಷ್ಟು ಉರದಿತ್ತು ಗೊತ್ತೇನ್ರಿ?" ಅವಳ ದನಿ ನಡುಗಿತು.

ಫಕ್ಕೀರಪ್ಪನಿಗೆ ಸಿಟ್ಟು ಬಂತು. ರೂಢಿಯಂತೆ ಕಾಲಿನಿಂದ ಹೊರಟು ತಲೆಗೂ ಬಂತು. ಆದರೆ ಅಲ್ಲಿಂದ ಯಾರ ಮೇಲೆ ಇಳಿಯಬೇಕೆಂದು ತಿಳಿಯದೆ ಅಲ್ಲಿಯೇ ಕೂತಿತು. ನಾಚಿಕೆಯೂ ಆಯಿತು. ಈರುಳ್ಳಿಯದೆಂದು ತಿಳಿದ ಆ ಕಣ್ಣೀರು ಈಗ ನೆನಪಾಯಿತು. "ತಪ್ಪಾತು ನೀಲಾ" ಎಂದ. ಬಹಳ ಸಣ್ಣ ದನಿಯಲ್ಲಿ ಎಂದ, ಆದರೆ ಎಂದದ್ದು ಖರೆ. ಎಂದು ಮುಗಿಸಿ, ಎಲ್ಲ ಸರಿಹೋಯಿತೆಂದು ತಿಳಿದು, ಕಾರಿನ ಬಾಗಿಲಿಗೆ ಕೈ ಹಾಕಿದ.

"ನಿಂದ್ರಿ, ಅಳಿಯಂದ್ರ!" ಹಾಲವ್ವ ಅಡ್ಡ ಬಂದಳು. "ಆಣಿ ಮರತ್ರೇನು? 'ಯಾರ ಕೈಲೆ ಗೀರು ಬಿದ್ದಾವೋ, ಹೇಣ್ತಿರಲಿ, ಹಡದಾಕಿರಲಿ' ಅಂದಿದ್ರಿ. ಮನೀದೇವರ ಹೆಸರು ತಗೊಂಡೀರಿ."

"ಅತ್ತ್ಯಾರ, ಅದು ಸಿಟ್ಟಿನಾಗ ಆಡಿದ ಮಾತ್ರಿ..."

"ದೇವರಿಗೆ ಸಿಟ್ಟಿನ ಆಣಿ ಬ್ಯಾರೆ, ಶಾಂತಿದು ಬ್ಯಾರೆ ಇರಂಗಿಲ್ಲ. ಇರಾಂವ ಒಬ್ಬ ಮಗ, ಅವನ ಲಗ್ನ ಇವತ್ತ. ಆಣಿ ಮುರದ ಗಾಡ್ಯಾಗ ನಾ ಅವನ್ನ ಕುಂಡ್ರಸಂಗಿಲ್ಲ."

"ಮತ್ತ ಗಾಡಿ ಯಾರು ಹೊಡೀಬೇಕ್ರಿ?"

ನೀಲಾಂಬಿಕಾ ಅಂಗೈ ಚಾಚಿದಳು. ಇನ್ನೊಂದು ಕೈಯಲ್ಲಿ ಪರ್ಸಿತ್ತು, ಪರ್ಸಿನಲ್ಲಿ ಲೈಸೆನ್ಸಿತ್ತು. (ಬೀರುವಿನಿಂದ ರೇಷ್ಮೆ ಸೀರೆ ತೆಗೆಯುವಾಗ ಅದೂ ಜೊತೆಗೆ ಬಂದಿತ್ತಂತೆ.) ಫಕ್ಕೀರಪ್ಪ ಕೀಲಿಯನ್ನು ನೋಡಿದ, ಕಾರನ್ನು ನೋಡಿದ, ಬಾಸಿಂಗದೊಳಗಿಂದ ಮುಹೂರ್ತ ಮೀರುತ್ತದೆಂದು ಕಣ್ಣುಬಿಡುತ್ತಿದ್ದ ಸುದೀಪನನ್ನು ನೋಡಿದ. ಬಾಯಿ ತೆರೆದ.

"ಗೀರು ಬೀ..."

ಅಲ್ಲಿಗೇ ಬಾಯಿ ಮುಚ್ಚಿ ಕೀಲಿ ಕೊಟ್ಟ.

ಹಾಲವ್ವ ಬಲೆಯ ಮೇಲೆ ಒಂದು ಸೇವಂತಿಗೆ ಹಾರ ಹರವಿ ಮುಚ್ಚಿದಳು. ನೇರಳೆ ಕಾರು ಒಮ್ಮೆಯೂ ಕುಲುಕದೆ, ಎಲ್ಲಿಯೂ ತಾಗದೆ, ಅಂಗಳದಿಂದ ಹಿಂದೆ ಸರಿದು, ತಿರುಗಿ, ಮದುಮಗನನ್ನು ಹೊತ್ತು ಮೆರವಣಿಗೆಯ ಮುಂದೆ ಹೊರಟಿತು. ಚಾಲಕಿಯ ಜಾಗದಲ್ಲಿ ರೇಷ್ಮೆ ಸೀರೆ ಮಿಂಚಿತು. ಟೆಂಪೋಗಳು ತುಂಬಿಹೋಗಿದ್ದವು. ಉಳಿದದ್ದು ಮೈಲಾರಪ್ಪನ ಬಿಳಿ ಕಾರಿನ ಹಿಂದಿನ ಸೀಟು, ಅದರಲ್ಲೂ ಅರ್ಧ. ಇನ್ನರ್ಧದಲ್ಲಿ ಬುಂದಿಯ ಬುಟ್ಟಿ ಇತ್ತು.

ಊರು ದಾಟಿದ ಮೇಲೆ ಮಣ್ಣಿನ ದಾರಿ. ಮುಂದಿನ ಕಾರಿನ ಧೂಳು ಮೋಡವಾಗಿ ಎದ್ದು ಹಿಂದಿನ ಕಾರಿನ ಕಿಟಕಿಯೊಳಗೆ ಸೀದಾ ಬಂದು, ಬುಂದಿಯನ್ನು ತಪ್ಪಿಸಿ ಫಕ್ಕೀರಪ್ಪನ ಮುಖದ ಮೇಲೆ ಕೂತಿತು. ಅವನು ಎರಡು ಸಲ ಸೀನಿದ. ಹೆಗಲಿನಿಂದ ವಲ್ಲಿ ತೆಗೆದು ಮುಖವನ್ನು ಸಿಟ್ಟಿನಿಂದ ದುಂಡಗೆ, ದುಂಡಗೆ ಒರೆಸಿಕೊಳ್ಳತೊಡಗಿದ.

ಸ್ಟಿಯರಿಂಗ್ ಹಿಡಿದಿದ್ದ ಮೈಲಾರಪ್ಪ ಕನ್ನಡಿಯಲ್ಲಿ ಅದನ್ನು ನೋಡಿದ. ಈ ಸಲ ಕೆಮ್ಮಲಿಲ್ಲ.

"ಅಣ್ಣಾರ, ಒಣಾ ಬಟ್ಟಿಲೆ ತಿಕ್ಕಬ್ಯಾಡ್ರಿ" ಎಂದ. "ಗೀರು ಬೀಳ್ತಾವ."